ಭೂತದ ಕನ್ನಡಿಗೊಂದು ಹಾಳೆ

ನಾನು ನಿಂತಿದ್ದದ್ದು ಗಲ್ಫಿನ ಅಲ್ ಖೋಬರಿನ ನಮ್ಮ ಕಟ್ಟಡದ ಎದುರು, ರಸ್ತೆಯ ಆಚೆ ಬದಿಯ ಬಕಾಲಾದ, ಎಂದರೆ ದಿನಸಿ ಅಂಗಡಿಯ ಹೊರಗೆ, ಐಸ್‌ಕ್ರೀಂ ಪೆಟ್ಟಿಗೆಗೂ ನೀರಿನ ಬಾಟಲಿಗಳ ರಾಶಿಗೂ ನಡುವೆ. ಕಳೆದ ಅಕ್ಟೋಬರಿನ ಕೊನೆಯ ಬುಧವಾರ. ಮಗ್ರಿಬ್ ನಮಾಜು ಮುಗಿದು ಇಪ್ಪತ್ತು ನಿಮಿಷವಾಗಿತ್ತು, ಆಕಾಶದ ಬೆಳಕು ಹೆಚ್ಚುಕಡಿಮೆ ಆರಿತ್ತು. ಎರಡನೇ ಮಹಡಿಯ ನಮ್ಮ ಕಿಟಕಿಯಲ್ಲಿ ನನ್ನ ಹೆಂಡತಿ ಹೊರಗಿನವರಿಗೆ ಕಾಣುತ್ತಾಳೋ ಇಲ್ಲವೋ ಎಂದು ನೋಡಲು ನಾನು ಕೆಳಗಿಳಿದು ಬಂದಿದ್ದೆ. ಕ್ರಮವಾಗಿ ಹೇಳುತ್ತೇನೆ.

ಇದೆಲ್ಲ ಮಗಳಿಂದ ಶುರುವಾದದ್ದು. ಅವಳ ಶಾಲೆಯ ಗೆಳತಿಯೊಬ್ಬಳು ವಿದೇಶಿಯರೇ ಇರುವ, ಗೇಟು ಹಾಕಿದ ಕಾಂಪೌಂಡಿನೊಳಗಿನ ವಿಲ್ಲಾದಲ್ಲಿದ್ದಾಳೆ. ಅಲ್ಲಿ ಹ್ಯಾಲೊವೀನ್ ಪಾರ್ಟಿ. ಬರುವವರು ಮನೆಯಲ್ಲೇ ಮಾಡಿದ ಒಂದು ಹೆದರಿಸುವ ವಸ್ತು ತರಬೇಕು. ಹಿಂದಿನ ವರ್ಷ ಇವಳು ಹತ್ತಿಯ ಜೇಡ ಒಯ್ದಿದ್ದಳು. ಅದರ ಮೇಲೆ ತಲೆಯಿಟ್ಟು ಒಂದು ಸಣ್ಣ ಮಗು ನಿದ್ದೆ ಮಾಡಿತಂತೆ. ಈ ವರ್ಷ ಭೂತದ ಕನ್ನಡಿಯೇ ಆಗಬೇಕೆಂದಳು. ಸುಮ್ಮನೆ ನೋಡಿದರೆ ಕನ್ನಡಿ, ಹಿಂದಿನ ಪೆಟ್ಟಿಗೆಯ ಬಲ್ಬು ಹೊತ್ತಿಸಿದರೆ ತಲೆಬುರುಡೆ. ಚೌಕಟ್ಟು, ಗಾಜು, ಬುರುಡೆ ಎಲ್ಲ ಸಿಕ್ಕವು. ಗಾಜಿಗೆ ಅಂಟಿಸುವ ಫಿಲ್ಮ್ ಒಂದು ಸಿಗಲಿಲ್ಲ, ಒಂದು ಬದಿಯಿಂದ ಕನ್ನಡಿಯಾಗಿ ಇನ್ನೊಂದು ಬದಿಯಿಂದ ಬರೀ ಗಾಜಾಗಿ ಕಾಣುವಂಥದ್ದು.

ಎರಡು ಸಂಜೆ ಹುಡುಕಿದೆ. ಸ್ಟೇಷನರಿ ಅಂಗಡಿಯಲ್ಲಿ ಉಡುಗೊರೆ ಸುತ್ತುವ ಬೆಳ್ಳಿ ಕಾಗದ ತೋರಿಸಿದರು. ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಪೇಶಾವರದವನು ಯಾವ ಗಾಡಿ ಎಂದು ಕೇಳಿದ. ಗಾಡಿಗಲ್ಲ, ತಲೆಬುರುಡೆಗೆ ಎಂದೆ. ಅವನು ಬುರುಡೆ ಯಾವ ಮಾಡೆಲ್ಲಿನದು ಎಂದು ಕೇಳಿದ. ಪರದೆ ಅಂಗಡಿಯವನು ಇಡೀ ರೋಲೇ ಕೊಳ್ಳಬೇಕೆಂದ. ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಮಾವಿನಹಣ್ಣು ಕೊಯ್ಯುತ್ತಿದ್ದವಳು ಚೂರಿಯಿಂದಲೇ ಕಿಟಕಿಯತ್ತ ತೋರಿಸಿದಳು.

“ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಾ? ಇದು ಎಂತ ಮತ್ತೆ?”

ಹೌದು. ನಾಲ್ಕು ವರ್ಷದ ಹಿಂದೆ ಈ ಮನೆಗೆ ಬಂದಾಗ ಅವಳಿಟ್ಟ ಷರತ್ತು ಒಂದೇ: ಮನೆಯೊಳಗೆ ತಲೆಯ ಮೇಲಿನ ಶಾಲು ತೆಗೆದು ನೆಮ್ಮದಿಯಾಗಿ ಕೂರುವಂತಿರಬೇಕು. ಇಲ್ಲಿ ಎಲ್ಲರೂ ಮಾಡುವ ಹಾಗೆ ನಾನೂ ಹಾಲಿನ ಕಿಟಕಿಗೆ ಕನ್ನಡಿ ಫಿಲ್ಮ್ ಅಂಟಿಸಿದೆ. ಹೊರಗೆ ಹೋಗಿ ನೋಡಿ ಬಂದು, ಒಂದು ಇರುವೆಯೂ ಕಾಣುವುದಿಲ್ಲ ಎಂದು ಮಾತು ಕೊಟ್ಟೆ. ಪರದೆ ಕೊಳ್ಳಲೇ ಇಲ್ಲ. ಹಾಗೆ ನಾನು ನೋಡಿ ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ. ಕಂಪನಿಯಲ್ಲಿ ನನ್ನದು ಸುರಕ್ಷತೆಯ ತಪಾಸಣೆಯ ಕೆಲಸ.

ಉಳಿದ ಫಿಲ್ಮಿನ ತುಂಡು ಕಪಾಟಿನ ಮೇಲೆಯೇ ಇತ್ತು. ಬುಧವಾರ ಸಂಜೆ ಅಂಟಿಸಿ, ಹಾಲಿನ ದೀಪ ಆರಿಸಿ ಪೆಟ್ಟಿಗೆಯ ಬಲ್ಬು ಹೊತ್ತಿಸಿದೆವು. ಬುರುಡೆ ಎದ್ದು ನಿಂತಿತು. ಹಾಲಿನ ದೀಪ ಹಾಕಿ ಬಲ್ಬು ಆರಿಸಿದೆವು. ಬುರುಡೆ ಹೋಗಿ ನನ್ನ ಮುಖ ಬಂತು. ಎರಡರಲ್ಲಿ ಯಾವುದು ಹೆಚ್ಚು ಭಯವೆಂದು ಮಗಳು ತೀರ್ಮಾನಿಸಲಾಗದೆ ಮತ್ತೆ ಮತ್ತೆ ಮಾಡಿಸಿದಳು. ಆರನೇ ಸಲವೋ ಏಳನೇ ಸಲವೋ ನನಗೆ ಅರ್ಥವಾಯಿತು: ಬೆಳಕು ಇರುವ ಕಡೆಯವರಿಗೆ ಅದು ಕನ್ನಡಿ, ಕತ್ತಲಿನಲ್ಲಿ ನಿಂತವರಿಗೆ ಬರೀ ಗಾಜು. ನಿಧಾನವಾಗಿ ತಲೆಯೆತ್ತಿ ಕಿಟಕಿ ನೋಡಿದೆ. ಹೊರಗೆ ಕತ್ತಲಾಗುತ್ತಿತ್ತು. ಕಿಟಕಿಯಲ್ಲಿ ನಾನು ನನ್ನನ್ನೇ ನೋಡುತ್ತಿದ್ದೆ. ನಾಲ್ಕು ವರ್ಷದಿಂದ ಪ್ರತಿ ಸಂಜೆಯೂ ನೋಡುತ್ತಿದ್ದೆ.

ಅದೇ ಕೋಣೆಯಲ್ಲಿ, ಕಿಟಕಿಯಿಂದ ಎರಡು ಮಾರು ಹಿಂದಿನ ಸೋಫಾದಲ್ಲಿ, ಹೆಂಡತಿ ಕೂದಲು ಬಿಚ್ಚಿಕೊಂಡು ಪುತ್ತೂರಿನ ಅಕ್ಕನ ಜೊತೆ ಫೋನಿನಲ್ಲಿ ಮಾತಾಡುತ್ತಾಳೆ. ಮುಚ್ಚಿಡದೆ ಅವಳಿಗೆ ಹೇಳಿದೆ. ಅವಳು ಎದ್ದು ಶಾಲು ಹಾಕಿಕೊಂಡಳು. ಬೈದಿದ್ದರೆ ವಾಸಿಯಿತ್ತು.

ಎಲ್ಲರೂ ಹೊರಗೆ ಹೋಗುವಾಗ ದೀಪ ಆರಿಸಿ ಹೋಗುವವರು ನಾವು; ಒಬ್ಬನೇ ಬರುವಾಗ ನಾನು ಹಿಂದೆ ಕಾರು ನಿಲ್ಲಿಸಿ ಹಿಂಬಾಗಿಲಿನಿಂದಲೇ ಹತ್ತಿ ಬರುತ್ತೇನೆ. ದೀಪ ಹೊತ್ತಿದ ನಮ್ಮ ಮನೆಯನ್ನು ರಸ್ತೆಯಿಂದ ನಾನು ಎಂದೂ ನೋಡಿರಲಿಲ್ಲ. ಅಂದು ನೋಡಿದೆ. ಟಿವಿಯಂತೆ ಬೆಳಗುತ್ತಿತ್ತು. ಫ್ಯಾನಿನ ರೆಕ್ಕೆ ಮೂರನ್ನೂ ಎಣಿಸಬಹುದಿತ್ತು.

ಸೋಫಾದಲ್ಲಿ ಕುಳಿತು ಕೈ ಎತ್ತು ಎಂದು ಹೆಂಡತಿಗೆ ಫೋನಿನಲ್ಲಿ ಹೇಳಿದೆ.

“ಎತ್ತಿದ್ದೇನೆ. ಕಾಣ್ತದಾ?”

“ಇಲ್ಲ.”

“ಸಮಾಧಾನಕ್ಕೆ ಹೇಳ್ಬೇಡಿ ಮಾರಾಯ್ರೆ. ಸರಿ ನೋಡಿ ಹೇಳಿ.”

ಸರಿಯಾಗಿ ನೋಡಿದೆ. ಅಡುಗೆಮನೆಯ ಬಾಗಿಲವರೆಗೆ ನಡೆಸಿದೆ, ವಾಪಸು ಕರೆಸಿದೆ, ಮೂರು ಸಲ. ಕಿಟಕಿಯ ಕಟ್ಟೆ ಎತ್ತರ, ರಸ್ತೆ ತಗ್ಗು. ಒಳಗಿನ ಅರ್ಧ ಕೋಣೆ ಕಣ್ಣಿಗೆ ಸಿಗುವುದೇ ಇಲ್ಲ. ಅವಳ ಬೆರಳ ತುದಿ ಕೂಡ ಕಾಣಲಿಲ್ಲ. ಕಾಣುವುದೇನಿದ್ದರೂ ಕಿಟಕಿಗೆ ಒತ್ತಿ ನಿಂತವರು ಮಾತ್ರ. ಅಲ್ಲಿ ನಿಲ್ಲುವವನು ಯಾರೆಂದು ಗೊತ್ತಿದ್ದೂ, ಖಾತ್ರಿಗಾಗಿ ಮಗಳನ್ನು ಸ್ಟೂಲು ಹತ್ತಿ ನಿಲ್ಲಲು ಹೇಳಿದೆ. ಸೊಂಟದಿಂದ ಮೇಲೆ ಪೂರ್ತಿ ಕಂಡಳು. ಬಾಯಲ್ಲಿದ್ದ ಪ್ಲಾಸ್ಟಿಕ್ ಕೋರೆಹಲ್ಲು ಸಹ.

ನನ್ನ ಬಲಭುಜ ಹಿಡಿದುಕೊಂಡು ನಾಲ್ಕು ವರ್ಷವಾಯಿತು. ಫಿಸಿಯೋ ಹೇಳಿಕೊಟ್ಟ ವ್ಯಾಯಾಮ ಬೇಸರ ತರಿಸುತ್ತಿತ್ತು. ಆದ್ದರಿಂದ ಊರಿನ ಬಯಲಾಟದಲ್ಲಿ ನೋಡಿದ ರಾಕ್ಷಸ ವೇಷದ ಪ್ರವೇಶವನ್ನು ಅದಕ್ಕೆ ಸೇರಿಸಿಕೊಂಡಿದ್ದೆ. ಮಗ್ರಿಬ್ ಆದ ಮೇಲೆ, ಬನಿಯನ್ನಿನಲ್ಲಿ, ತಲೆಗೆ ಟವೆಲ್ ಬಿಗಿದು, ಕೈಯಲ್ಲಿ ಸೌಟು ಬೀಸಿ, ಕಿಟಕಿಯ ಕನ್ನಡಿ ನೋಡಿ ಹುಬ್ಬು ಹಾರಿಸಿ ತಿದ್ದಿಕೊಳ್ಳುತ್ತಿದ್ದೆ. ದಿನಾ ಹದಿನೈದು ನಿಮಿಷ. ರಸ್ತೆಯಲ್ಲಿ ಮಾತ್ರ ನಾನು ಸಲಾಂ ಹೇಳಿ ತಲೆತಗ್ಗಿಸಿ ಹೋಗುವ ಮನುಷ್ಯ.

ಬಕಾಲಾದ ಮಲಪ್ಪುರಂನವನು ಹೊರಗೆ ಬಂದು ನನ್ನ ಪಕ್ಕ ನಿಂತ. ನಾನು ನೋಡುವ ಕಡೆ ನೋಡಿದ.

“ಇವತ್ತು ನಿಮ್ಮ ಬದಲು ಮಗಳಾ, ಸಾರ್?” ಎಂದು ಮಲಯಾಳದಲ್ಲಿ ಮೆಲ್ಲಗೆ ಕೇಳಿದ.

ಅಲ್ಲಿ ಬೇರೆ ಯಾರನ್ನಾದರೂ ಎಂದಾದರೂ ಕಂಡದ್ದುಂಟೇ ಎಂದು ಕೇಳಿದೆ. ಅವನು ಯೋಚಿಸಿದ.

“ನೀವು. ಮತ್ತೆ ಸೌಟು. ಬೇರೆ ಯಾರೂ ಇಲ್ಲ.”

ಇಷ್ಟು ವರ್ಷ ಹೇಳಲಿಲ್ಲವೇಕೆ ಎಂದೆ.

“ಹೇಳಿದ್ರೆ ನಿಲ್ಲಿಸ್ತೀರಲ್ಲ, ಸಾರ್.”

ಫೋನು ಇನ್ನೂ ಕಿವಿಯಲ್ಲೇ ಇತ್ತು. ಹೆಂಡತಿ ಎಲ್ಲ ಕೇಳಿದ್ದಳು. ಮೊದಲು ಒಂದು ದೊಡ್ಡ ಉಸಿರು ಬಂತು, ಆಮೇಲೆ ನಗು. ಅದು ನಿಲ್ಲುವ ಲಕ್ಷಣ ಕಾಣದೆ ನಾನೇ ಫೋನಿಟ್ಟೆ. ಮರುದಿನ ಎರಡು ಪದರದ ಪರದೆ ತಂದು ಹಾಕಿದೆ. ಅವಳು ಶಾಲು ತೆಗೆದು ಸೋಫಾದಲ್ಲಿ ಕುಳಿತು, ನಡೆದದ್ದನ್ನೆಲ್ಲ ಅಕ್ಕನಿಗೆ ಮೊದಲಿನಿಂದ ಹೇಳಿದಳು.

ಆ ಕಿಟಕಿಯಲ್ಲಿ ನನ್ನನ್ನು ಕಂಡವರು ಇವರು: ಬಕಾಲಾದ ಮಲಪ್ಪುರಂನವನು, ಪಕ್ಕದ ಸಲೂನಿನ ಢಾಕಾದ ಕ್ಷೌರಿಕ (ಗಿರಾಕಿಯ ಕುರ್ಚಿಯನ್ನು ಈ ಕಡೆಗೇ ತಿರುಗಿಸಿಡುತ್ತಿದ್ದನಂತೆ), ಇಸ್ತ್ರಿ ಅಂಗಡಿಯ ಅಣ್ಣತಮ್ಮಂದಿರಿಬ್ಬರು, ಕಾರಿನಲ್ಲೇ ಕುಳಿತು ಚಹಾ ಕುಡಿಯುವ ನಮ್ಮ ಮನೆಯ ಮುದಿ ಮಾಲೀಕ, ಈಗ ದೂರದ ಅಭಾ ಊರಿನ ಆಸ್ಪತ್ರೆಗೆ ವರ್ಗವಾಗಿರುವ ಈಜಿಪ್ಟಿನ ಔಷಧಿ ಅಂಗಡಿಯವನು. ಎಲ್ಲರೂ ಬದುಕಿದ್ದಾರೆ, ಆರೋಗ್ಯವಾಗಿದ್ದಾರೆ.