ಶೇಖರಮ್ಮನ ಒಲೆ ಬೇರೆ

ನಮ್ಮ ಊರಿಗೆ ಬೆಳಗಾಗುವುದು ಶೇಖರಮ್ಮ ರೊಟ್ಟಿ ಬಡಿಯುವ ಸದ್ದಿನಿಂದ. ಇರಕಲ್ಲಗಡ ಹೋಬಳಿಯ ಈ ಊರಿನ ಶಾಲೆಗೆ ನಾನು ಟೀಚರಾಗಿ ಬಂದಾಗಿನಿಂದ ಅದನ್ನು ಕೇಳುತ್ತಿದ್ದೇನೆ. ಆಕೆಯ ಜೋಳದ ರೊಟ್ಟಿ ಬಸ್ಸು ಹತ್ತಿ ಕೊಪ್ಪಳದ ಖಾನಾವಳಿಗಳಿಗೆ ಹೋಗುತ್ತದೆ. ಬುಟ್ಟಿಗೆ ತುಂಬುವಾಗ ಕಣದಲ್ಲಿ ಜೋಳ ಅಳೆಯುವವರ ಹಾಗೆ ಎಣಿಸುತ್ತಾಳೆ: "ಲಾಭ, ಎರಡ, ಮೂರ, ನಾಕ..." ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ.

"ಒಂದ ಅಂದ್ರ ಅದು ಒಂಟಿ ಆಗತೈತ್ರಿ ಅಕ್ಕೋರ. ಲಾಭ ಅಂದ್ರ ಹಿಂದಿಂದ ಇನ್ನಷ್ಟು ಬರತೈತಿ" ಎಂದಿದ್ದಳು.

ಆಕೆಯ ಗಂಡ ಮುನಿರಾಬಾದಿನ ಕಡೆ ಕಾಲುವೆ ಕೆಲಸಕ್ಕೆ ಕೂಲಿ ಹೋಗುತ್ತಿದ್ದ. ಜ್ವರ ಬಂದು ತೀರಿಕೊಂಡ. ಮಕ್ಕಳಿರಲಿಲ್ಲ. ತವರಿನವರು ಕುಷ್ಟಗಿಯಿಂದ ಬಂದು ಕರೆದರು, ಇವಳು ಹೋಗಲಿಲ್ಲ. ಮೈದುನ ಲಕ್ಷ್ಮಣಪ್ಪ ಮನೆಯಲ್ಲೇ ಉಳಿಸಿಕೊಂಡ, ಊಟಕ್ಕೆ ಹಾಕಿದ. ಇಲ್ಲವೆಂದು ಶೇಖರಮ್ಮ ಯಾವತ್ತೂ ಹೇಳಿಲ್ಲ. ಆದರೆ ಊಟಕ್ಕೆ ಹಾಕುವವರು ಹಾಕಿದ್ದನ್ನು ದಿನಾ ನೆನಪಿಸುತ್ತಿದ್ದರೆ ತುತ್ತು ಗಂಟಲಲ್ಲಿ ಇಳಿಯುತ್ತದೆಯೇ? ಒಂದು ದಿನ ಆಕೆ ಕಟ್ಟಿಗೆ ಇಡುವ ಕೋಣೆಯನ್ನು ಗುಡಿಸಿ, ಮಣ್ಣು ಕಲಸಿ, ಒಲೆ ಹಾಕಿಕೊಂಡಳು. ಅಂದಿನಿಂದ ಆ ಮನೆಗೆ ಮುಂಬಾಗಿಲು ಒಂದೇ, ಒಲೆ ಮಾತ್ರ ಎರಡು.

ಹಿಂದಿನ ಜನಗಣತಿಯ ಹೊತ್ತಿಗೇ ಆ ಒಲೆ ಉರಿಯುತ್ತಿತ್ತು. ಆದರೆ ಎಣಿಸುವವರು ಬಂದ ದಿನ ಆಕೆ ಹಿಟ್ಟಿನ ಗಿರಣಿಗೆ ಹೋಗಿದ್ದಳು. ಲಕ್ಷ್ಮಣಪ್ಪ ತನ್ನ ಕುಟುಂಬದ ಕೊನೆಗೆ "ಅಣ್ಣನ ಹೆಂಡತಿ" ಎಂದು ಬರೆಸಿ ಕಳಿಸಿದ್ದ. ಆ ಮುಳ್ಳು ಆಕೆಯ ಎದೆಯಲ್ಲಿ ಹಾಗೇ ಉಳಿದಿತ್ತು. ಈ ಸಲ ನನ್ನನ್ನು ಗಣತಿಗೆ ಹಾಕಿದ್ದಾರೆಂದು ಗೊತ್ತಾದ ಕೂಡಲೇ ಶಾಲೆಯ ಗೇಟಿನಲ್ಲೇ ಹಿಡಿದಳು.

"ಅಕ್ಕೋರ, ಈ ಸಲ ನನ್ನ ಮನಿ ಬ್ಯಾರೆ ಅಂತ ಬರೀಬೇಕ್ರಿ. ಮುಂದಿನ ಸಲಕ್ಕ ನಾ ಇರ್ತೀನೋ ಇಲ್ಲೋ."

"ಇದರಿಂದ ರೇಷನ್ ಕಾರ್ಡ್ ಬರಂಗಿಲ್ಲ ಶೇಖರಮ್ಮ. ರೊಕ್ಕನೂ ಬರಂಗಿಲ್ಲ" ಎಂದೆ. ಸುಳ್ಳು ಆಸೆ ಹುಟ್ಟಿಸುವುದು ನನಗೆ ಆಗದ ಕೆಲಸ.

"ಅದನ್ನ ಯಾರು ಕೇಳ್ಯಾರ್ರಿ? ಎಣಿಕ್ಯಾಗ ನಾ ನಾನಾಗಿ ಇರಬೇಕು, ಅಷ್ಟ."

ಆಯಿತು ಎಂದೆ.

ಈಗ ಗಣತಿಯ ಕಥೆ ಕೇಳಿ. ಮೊದಲು ಮನೆಗಳ ಎಣಿಕೆ, ಜನರ ಎಣಿಕೆ ಆಮೇಲೆ. ಕಾಗದವಿಲ್ಲ, ಎಲ್ಲ ಮೊಬೈಲಿನಲ್ಲೇ. ಕೊಪ್ಪಳದ ಬಿಸಿಲಿಗೆ ಮೊಬೈಲು ಕಾದ ಹಂಚಾಗುತ್ತದೆ, ನೆಟ್‌ವರ್ಕ್ ಎಲ್ಲೋ ಗುಡ್ಡದ ಆಚೆ ಮಲಗಿರುತ್ತದೆ. ಟೀಚರುಗಳಿಗೆ ಬೇಸಿಗೆ ರಜೆ ಇರುತ್ತದೆ ಎಂದು ಯಾರಾದರೂ ನನ್ನ ಮುಂದೆ ಅಂದರೆ ಈಗಲೂ ಮೈ ಉರಿಯುತ್ತದೆ. ತರಬೇತಿಯಲ್ಲಿ ಹೇಳಿದ ಒಂದು ಮಾತು ಮಾತ್ರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಒಂದೇ ಅಡುಗೆಯನ್ನು ಉಂಡು ಒಟ್ಟಿಗೆ ಇರುವವರು ಒಂದು ಕುಟುಂಬ. ಅಣ್ಣತಮ್ಮಂದಿರೇ ಇರಲಿ, ಸೂರು ಒಂದೇ ಇರಲಿ, ಅಡುಗೆ ಬೇರೆಯಾದರೆ ಕುಟುಂಬ ಬೇರೆ.

ಮೊಬೈಲು ಕೇಳುತ್ತಿದ್ದದ್ದು "ಕುಟುಂಬದ ಮುಖ್ಯಸ್ಥರು" ಯಾರೆಂದು. ಮುಖ್ಯಸ್ಥರು ಎಂದರೆ ಜನ ನಮ್ಮ ಹೆಡ್‌ಮಾಸ್ತರರ ಮನೆಯ ದಾರಿ ತೋರಿಸತೊಡಗಿದರು. ಅದಕ್ಕೆ ನಾನು "ಯಜಮಾನ್ರು ಯಾರ್ರಿ?" ಎಂದು ಕೇಳಲು ಶುರುಮಾಡಿದೆ. ಹೆಂಗಸರು ಸೆರಗು ಎಳೆದುಕೊಂಡು ನಗುವುದು, ಹೆಸರನ್ನು ಪಕ್ಕದವರಿಂದ ಹೇಳಿಸುವುದು ಎಲ್ಲ ನಡೆಯಿತು. ಕೆಲಸ ಬೇಗ ಸಾಗುತ್ತಿದೆಯೆಂದು ನನಗೂ ಖುಷಿ.

ಶೇಖರಮ್ಮನ ಮನೆಗೆ ಬಂದಾಗ ಲಕ್ಷ್ಮಣಪ್ಪ ಪಡಸಾಲೆಯಲ್ಲಿ ಹೊರಸಿನ ಮೇಲೆ ಕೂತಿದ್ದ. ಶೇಖರಮ್ಮ ಹಿಟ್ಟಿನ ಕೈಯಲ್ಲೇ ತನ್ನ ಕೋಣೆಯಿಂದ ಓಡಿಬಂದಳು. ಹೊಸ ಸೀರೆ ಉಟ್ಟಿದ್ದಳು. ನಾನು ಅಭ್ಯಾಸಬಲದಿಂದ ಆಕೆಯನ್ನೂ ಕೇಳಿದೆ:

"ಯಜಮಾನ್ರು ಯಾರ್ರಿ?"

ಆಕೆಯ ಮುಖ ಬಾಡಿತು. ಗೋಡೆಯ ಮೇಲಿದ್ದ, ಮಾಲೆ ಹಾಕಿದ ಫೋಟೋ ತೋರಿಸಿ, "ಅವರು ಹೋಗ್ಯಾರಲ್ರಿ" ಎಂದಳು.

"ಹಂಗಾದ್ರ ಯಜಮಾನ ನಾನ ಆದ್ನಿ. ಬರಕೊಳ್ರಿ ಅಕ್ಕೋರ. ವೈನಿ ನಮ್ಮ ಮನಿತನದಾಕಿ" ಎಂದ ಲಕ್ಷ್ಮಣಪ್ಪ, ಅತ್ತಿಗೆಯ ಕಡೆ ಕೈ ತೋರಿಸಿ.

ಆಗ ಹೊಳೆಯಿತು. ನಮ್ಮ ಕಡೆ ಯಜಮಾನ ಎಂದರೆ ಮನೆಯ ಹಿರಿಯನೂ ಹೌದು, ಗಂಡನೂ ಹೌದು. ಮನೆ ನಡೆಸುವವರು ಯಾರೆಂದು ನಾನು ಕೇಳಿದರೆ ಆಕೆಗೆ ಗಂಡ ಎಲ್ಲಿ ಎಂದು ಕೇಳಿಸಿತ್ತು. ಅಷ್ಟೊಂದು ಹೆಂಗಸರು ಸೆರಗು ಎಳೆದುಕೊಂಡು ನಕ್ಕಾಗಲೇ ಗೊತ್ತಾಗಬೇಕಿತ್ತು. ಟೀಚರಂತೆ ಟೀಚರು!

"ಶೇಖರಮ್ಮ, ನಾ ಕೇಳಿದ್ದು ಗಂಡನ್ನ ಅಲ್ರಿ. ನೀವು ಉಣ್ಣೂದು ಯಾವ ಒಲಿ ಮ್ಯಾಲಿಂದು?"

"ನನ್ನ ಒಲಿದು."

"ಆ ಒಲಿ ನಡಸಾಕಿ ಯಾರು?"

"ಇನ್ಯಾರ ಅದಾರ್ರಿ? ನಾನ."

ಲಕ್ಷ್ಮಣಪ್ಪ ಹೊರಸಿನಿಂದ ಎದ್ದು ನಿಂತ. "ವೈನಿ, ಮನಿ ಒಡದೈತಿ ಅಂತ ದಿಲ್ಲಿ ಮಟ ಬರಿಸಿ ಕಳಸ್ತೀರೇನು? ಮಂದಿ ನನಗ ಏನಂತಾರ? ಅಣ್ಣನ ಹೇಣ್ತಿನ್ನ ಹೊರಗ ಹಾಕ್ಯಾನ ಅನ್ನೂದಿಲ್ಲೇನು? ಒಲಿ ಎರಡ ಕಾಣತಾವ ಅಷ್ಟ ಅಕ್ಕೋರ. ಉಣ್ಣೂದು ಎಲ್ಲಾರೂ ಕೂಡೇ."

ಅವನು ಕೆಟ್ಟವನಲ್ಲ. ಊರಿನ ಬಾಯಿಗೆ ಹೆದರುವ ಮನುಷ್ಯ. ಆದರೆ ನಾನೇನು ಮಾಡಲಿ? ಮನೆಯವರು ಹೇಳಿದ್ದನ್ನು ಬರೆದುಕೊಳ್ಳುವುದು ನನ್ನ ಕೆಲಸ. ಒಬ್ಬರು ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಿದ್ದಾರೆ. ಶೇಖರಮ್ಮ ನನ್ನ ಬೆರಳನ್ನೇ ನೋಡುತ್ತಿದ್ದಳು. ಅದು ಮೊಬೈಲಿನ ಮೇಲೆ ನಿಂತೇ ಇತ್ತು.

ಅಷ್ಟರಲ್ಲಿ ಲಕ್ಷ್ಮಣಪ್ಪನ ಹೆಂಡತಿ ಮಹೇಶ್ವರಿ ಒಳಗಿನಿಂದ ಬಂದಳು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ.

"ಅಕ್ಕಾ, ನಿಮ್ಮ ಡಬ್ಬಿ ಕೊಡೂದ ಮರತಿದ್ನಿ ನೋಡ್ರಿ. ಯುಗಾದಿಗೆ ಹೋಳಿಗಿ ಕಳಿಸಿದ್ರಲ್ಲ, ಅದು. ಬರೀ ಡಬ್ಬಿ ಕೊಡಬಾರದು ಅಂತ ಸೇಂಗಾ ಹಾಕೀನಿ."

ಹಬ್ಬದ ಹೋಳಿಗೆಯನ್ನು ಡಬ್ಬಿಗೆ ಹಾಕಿ ಕಳಿಸುವುದು ಬೇರೆ ಮನೆಗೆ. ಏನಾದರೂ ತುಂಬಿ ಹಿಂದಿರುಗಿಸುವುದೂ ಬೇರೆ ಮನೆಯ ಡಬ್ಬಿಯನ್ನೇ. ಒಂದೇ ಒಲೆಯಲ್ಲಿ ಉಣ್ಣುವವರ ನಡುವೆ ಡಬ್ಬಿ ಓಡಾಡುವುದಿಲ್ಲ. ಲಕ್ಷ್ಮಣಪ್ಪನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಹೇಶ್ವರಿ ಏನೂ ಅರಿಯದವಳ ಹಾಗೆ ನಿಂತಿದ್ದಳು. ಬೇಕೆಂದೇ ತಂದಳೆಂದು ನಾನು ಆಣೆ ಮಾಡಿ ಹೇಳಬಲ್ಲೆ.

ಅವನು ಡಬ್ಬಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ಅತ್ತಿಗೆಯನ್ನು ನೋಡಿದ.

"ಹೋಳಿಗಿ ಭಾಳ ಛಲೋ ಆಗಿದ್ವು ಬಿಡ್ರಿ ವೈನಿ" ಎಂದು ಕೂತುಕೊಂಡ. ಆಮೇಲೆ ನನಗೆ ಹೇಳಿದ: "ಬರಕೊಳ್ರಿ ಅಕ್ಕೋರ. ಎರಡ ಮನಿ."

"ಲಕ್ಷ್ಮಣಪ್ಪನವರ, ಊರಿಗೆ ನಳ ಎಷ್ಟು ಬೇಕು, ಅಂಗನವಾಡಿ ಎಲ್ಲಿ ಬೇಕು ಅಂತ ಈ ಎಣಿಕಿ ನೋಡೇ ಹೇಳತಾರ. ಹೆಣ್ಮಕ್ಕಳು ನಡಸೋ ಮನಿ ಎಷ್ಟು ಅಂತನೂ ನೋಡತಾರ. ಅದರಾಗ ಇವರ ಮನಿ ಬಿಟ್ರ ದೇಶದ ಲೆಕ್ಕನ ತಪ್ಪತೈತಿ. ಮತ್ತ ಯಾರ ಮನಿ ಒಡದೈತಿ ಅಂತ ದಿಲ್ಲ್ಯಾಗ ಯಾರೂ ಓದಂಗಿಲ್ಲ. ಹೆಸರು ಗುಟ್ಟಾಗೇ ಇರತಾವ" ಎಂದೆ. ಅವನು ತಲೆಯಾಡಿಸಿದ. ಅರ್ಧ ಭಾರ ಇಳಿದಂತೆ ಕಂಡ.

ನಾನು ಶೇಖರಮ್ಮನ ಕೋಣೆಗೆ ಹೋಗಿ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತೆ. ಹೊಸ ಕುಟುಂಬ ಎಂಬಲ್ಲಿ ಒತ್ತಿದೆ. ಅಪರೂಪಕ್ಕೆ ನೆಟ್‌ವರ್ಕ್ ಕೂಡ ಇತ್ತು.

"ಅಡಗಿ ಯಾವುದರ ಮ್ಯಾಲೆ?"

"ಕಟಿಗಿ ಒಲಿ."

"ಹೆಚ್ಚು ಉಣ್ಣೂ ಧಾನ್ಯ?"

"ಜೋಳ. ಕೇಳೂದೇನೈತ್ರಿ ಅದರಾಗ?"

"ಈ ಕುಟುಂಬ ನಡಸಾರ ಹೆಸರು?"

ಈ ಸಲ ಆಕೆ ಬಾಗಿಲಾಚೆಯ ಫೋಟೋದ ಕಡೆ ನೋಡಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಪಡಸಾಲೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಶೇಖರಮ್ಮ."

ಬರೆದುಕೊಂಡೆ. ಕಣ್ಣು ತುಂಬಿ ಅಕ್ಷರಗಳು ಮಸುಕಾದವು. ಹೊಗೆಯೆಂದು ಹೇಳಿ ಒರೆಸಿಕೊಂಡೆ. ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನು ಕೇಳಲು ನನಗೇ ಸಂಕಟವಾಯಿತು, ಆದರೆ ಕೇಳದೆ ವಿಧಿಯಿರಲಿಲ್ಲ.

"ಈ ಮನ್ಯಾಗ ಮಂದಿ ಎಷ್ಟು, ಶೇಖರಮ್ಮ?"

ಆಕೆ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಅದು ಬುಸ್ಸೆಂದು ಉಬ್ಬಿತು. ನನ್ನ ಕಡೆ ತಿರುಗಿ, ಬಾಯಿ ತುಂಬ ನಕ್ಕು, ಎದೆಯ ಮೇಲೆ ಹಿಟ್ಟಿನ ಕೈ ಇಟ್ಟುಕೊಂಡು ಎಣಿಸಿದಳು:

"ಲಾಭ."