ನೂರೀನ್ ಬಾರದಿದ್ದ ಮೂವತ್ತೊಂದು ದಿನಗಳು

ನೂರೀನ್‌ಗೆ ಗಣಿತ ಬರುವುದಿಲ್ಲ. ಇದನ್ನು ಅವಳು ಯಾರಿಂದಲೂ ಮುಚ್ಚಿಟ್ಟವಳಲ್ಲ. ಆರನೇ ತರಗತಿಗೆಂದು ಅಮೃತಹಳ್ಳಿಯ ನಮ್ಮ ಶಾಲೆಗೆ ಸೇರಿದ ದಿನ, ಪರಿಚಯ ಹೇಳಿಕೊಳ್ಳಮ್ಮ ಎಂದಾಗ ಎದ್ದು ನಿಂತು, ತನ್ನ ಹೆಸರು, ಅಪ್ಪ ಮೆಹಬೂಬ್ ಪಾಷಾ ಹೆಬ್ಬಾಳದಲ್ಲಿ ಆಟೊಗಳಿಗೆ ಸೀಟು ಹೊಲಿಯುತ್ತಾರೆ, ತನಗೆ ಭಾಗಾಕಾರ ಬರುವುದಿಲ್ಲ ಎಂದು ಒಂದೇ ಉಸಿರಿನಲ್ಲಿ ಹೇಳಿ ಕೂತಿದ್ದಳು. ಆ ಕೊನೆಯ ಸಂಗತಿಯನ್ನು ಬದಲಾಯಿಸಲು ನಾವು ಐದು ವರ್ಷ ಹೆಣಗಿದೆವು. ಹತ್ತನೇ ತರಗತಿಯ ಮೂರು ಪೂರ್ವಸಿದ್ಧತಾ ಪರೀಕ್ಷೆಗಳಲ್ಲಿ ಎಂಬತ್ತಕ್ಕೆ ಒಂಬತ್ತು, ಹನ್ನೊಂದು, ಹದಿನಾಲ್ಕು ತೆಗೆದಳು. ಪ್ರಗತಿಯೇನೋ ಇತ್ತು. ಇದೇ ವೇಗದಲ್ಲಿ ಹೋದರೆ ಇನ್ನು ನಾಲ್ಕೈದು ಪರೀಕ್ಷೆಗಳಲ್ಲಿ ಪಾಸಾಗುತ್ತಾಳೆ ಎಂದು ಗಣಿತದ ರಾಧಾಮಣಿ ಮೇಡಂ ಹೇಳುತ್ತಿದ್ದರು.

ನಾನು ಅವಳ ಕನ್ನಡ ಮೇಷ್ಟ್ರು, ಹತ್ತನೇ ‘ಬಿ’ ವಿಭಾಗದ ಕ್ಲಾಸ್ ಟೀಚರ್ ಕೂಡ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನಾನು ಚೆನ್ನಾಗಿ ಕಲಿತ ವಿದ್ಯೆ ಒಂದೇ: ಆಡಳಿತ ಮಂಡಳಿಯವರು ಮಾತು ಶುರುಮಾಡಿದ ಕೂಡಲೇ, ವಾಕ್ಯ ಮುಗಿಯಲು ಬಿಡದೆ ‘ಆಗ್ಲಿ ಸಾರ್’ ಎನ್ನುವುದು. ಇದನ್ನು ನೂರೀನ್ ಮಿಮಿಕ್ರಿ ಮಾಡುತ್ತಾಳೆಂದು ಕೇಳಿದ್ದೆ. ಒಮ್ಮೆ ಬಾಗಿಲ ಮರೆಯಲ್ಲಿ ನಿಂತು ನೋಡಿಯೇಬಿಟ್ಟೆ. ಹೊಟ್ಟೆಯನ್ನು ಸ್ವಲ್ಪ ಜಾಸ್ತಿ ಮುಂದೆ ಬಿಟ್ಟಿದ್ದಳು ಎನ್ನುವುದನ್ನು ಬಿಟ್ಟರೆ ಉಳಿದದ್ದೆಲ್ಲ ಅಪ್ಪಟ ನಾನೇ.

ಅವಳು ದೇವತೆಯೇನಲ್ಲ. ಪಕ್ಕದವರ ಡಬ್ಬಿಯ ಚಿತ್ರಾನ್ನವನ್ನು ಎರಡನೇ ಪೀರಿಯಡ್ಡಿನಲ್ಲೇ ಖಾಲಿ ಮಾಡುವಳು. ಜಗಳಕ್ಕೆ ನಿಂತರೆ ಸೋಲುವುದು ಗೊತ್ತಿಲ್ಲ. ಆದರೆ ತರಗತಿಯಲ್ಲಿ ಯಾರ ಮನೆಯಲ್ಲಿ ಏನು ತಾಪತ್ರಯ, ಯಾರಿಗೆ ಯಾರ ಮೇಲೆ ಮುನಿಸು, ಯಾವ ಮೇಷ್ಟ್ರಿಗೆ ಇವತ್ತು ತಲೆನೋವು ಎಂಬ ವಿಷಯಗಳಲ್ಲಿ ಮೂವತ್ತೆಂಟು ಮಕ್ಕಳ ಪೈಕಿ ಅವಳೇ ಮೊದಲ ರ‍್ಯಾಂಕು.

ಫೆಬ್ರವರಿ ಮೊದಲ ವಾರದಲ್ಲಿ ಕಾರ್ಯದರ್ಶಿ ನಾಗಭೂಷಣ ಅವರು ನನ್ನನ್ನು ಕರೆಸಿದರು. ಶಾಲೆ ನಿಂತಿರುವುದು ಅವರ ಅಜ್ಜಿ ಸೊಪ್ಪು ಬೆಳೆಯುತ್ತಿದ್ದ ಜಮೀನಿನಲ್ಲಿ. ಅವರಿಗೆ ಶಾಲೆಯೆಂದರೆ ಜೀವ. ಏಳು ವರ್ಷದಿಂದ ಎಸ್‌ಎಸ್‌ಎಲ್‌ಸಿಯಲ್ಲಿ ನೂರಕ್ಕೆ ನೂರು ಫಲಿತಾಂಶ. ಎಂಟನೇ ವರ್ಷಕ್ಕೆ ಅಡ್ಡವಾಗಿ ನೂರೀನ್ ಕೂತಿದ್ದಳು. ಮುಕ್ಕಾಲು ಪಾಲು ಹಾಜರಾತಿ ಇಲ್ಲದವರಿಗೆ ಹಾಲ್ ಟಿಕೆಟ್ ಬರುವುದಿಲ್ಲವಲ್ಲ ಮೇಷ್ಟ್ರೇ, ಎಂದು ಅವರು ಸೀಲಿಂಗ್ ಫ್ಯಾನಿಗೆ ಹೇಳುವವರಂತೆ ಹೇಳಿದರು. ಮುಂದಿನ ವರ್ಷ ಹೊರಗಿನಿಂದ ಪರೀಕ್ಷೆಗೆ ಕಟ್ಟಲಿ, ಅವಳಿಗೂ ಓದಲು ಟೈಮ್ ಸಿಗುತ್ತದೆ ಎಂದರು.

ನಾನು ಹೇಳಬೇಕಾದ್ದನ್ನೇ ಹೇಳಿದೆ: ಆಗ್ಲಿ ಸಾರ್.

ತಾಯಿ ಅಮೀನಾಗೆ ಆಪರೇಷನ್ ಆದಾಗ ನೂರೀನ್ ನಿಜವಾಗಿ ಶಾಲೆ ತಪ್ಪಿಸಿದ್ದು ಇಪ್ಪತ್ತೆರಡು ದಿನ. ಹಾಲ್ ಟಿಕೆಟ್ ತಪ್ಪಿಸಲು ಇನ್ನೂ ಮೂವತ್ತೊಂದು ದಿನ ಬೇಕಾಗಿತ್ತು. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ, ಜೂನ್‌ನಿಂದ ಜನವರಿವರೆಗೆ ಕೈಗೆ ಬಂದ ಮೂವತ್ತೊಂದು ತಾರೀಖುಗಳನ್ನು ಬರೆದೆ. ರಿಜಿಸ್ಟರನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುವಷ್ಟು ಧೈರ್ಯವೂ ನನಗಿರಲಿಲ್ಲ. ಪಟ್ಟಿ ನೋಟಿಸಿನ ರೂಪದಲ್ಲಿ ಮೆಹಬೂಬ್ ಪಾಷಾರ ಮನೆಗೆ ಹೋಯಿತು. ಪರೀಕ್ಷಾ ಮಂಡಳಿಗೆ ಹಾಜರಾತಿ ಕಳಿಸಬೇಕಾದದ್ದು ಫೆಬ್ರವರಿ ಹದಿನಾರರ ಸೋಮವಾರ. ಅದಕ್ಕೆ ಎರಡು ದಿನ ಮೊದಲು, ಶನಿವಾರ, ಹತ್ತನೇ ತರಗತಿಯ ಬೀಳ್ಕೊಡುಗೆ.

ಬೀಳ್ಕೊಡುಗೆಯಲ್ಲಿ ಪ್ರತಿಯೊಬ್ಬರೂ ಒಂದೊಂದು ನಿಮಿಷ ಶಾಲೆಯ ನೆನಪು ಹೇಳಬೇಕು, ಅದು ನಮ್ಮಲ್ಲಿ ವಾಡಿಕೆ. ಬರೆದುಕೊಂಡು ಬಂದು ನನಗೆ ತೋರಿಸಬೇಕು. ಮೂವತ್ತೇಳು ಭಾಷಣಗಳಲ್ಲಿ ‘ಜ್ಞಾನದ ದೇಗುಲ’ ಎಂಬ ಪದ ಅರವತ್ತು ಸಲ ಬಂದಿತ್ತು. ಕಾಗುಣಿತ ತಿದ್ದಿ ವಾಪಸ್ ಕೊಟ್ಟೆ. ನೂರೀನ್ ಹೆಸರು ಪಟ್ಟಿಯಲ್ಲಿರಲಿಲ್ಲ. ಅವಳು ಬರಬಾರದೆಂದು ಕಾರ್ಯದರ್ಶಿಗಳು ಪ್ಯೂನ್ ಪಿಳ್ಳಣ್ಣನ ಕೈಲಿ ಹೇಳಿ ಕಳಿಸಿದ್ದರು. ನೇರವಾಗಿ ಹೇಳುವ ಕೆಲಸ ನನಗೆ ಬಾರದಿರಲಿ ಎಂದು ನಾನು ಅರ್ಧ ದಿನ ಲೈಬ್ರರಿಯಲ್ಲಿ ಅಡಗಿದ್ದೆ.

ಶನಿವಾರ ಹುಡುಗಿಯರೆಲ್ಲ ಸೀರೆ ಉಟ್ಟು, ಹುಡುಗರು ಯಾರ‍್ಯಾರದೋ ಬ್ಲೇಜರ್ ತೊಟ್ಟು ಬಂದರು. ಅವರ ನಡುವೆ ಮೂರನೇ ಸಾಲಿನಲ್ಲಿ ನೂರೀನ್ ಕೂತಿದ್ದಳು, ಮಾಮೂಲಿ ಯೂನಿಫಾರ್ಮಿನಲ್ಲಿ. ಟೈ ಕೂಡ ಕಟ್ಟಿದ್ದಳು. ಹಾಲಿನ ಹಿಂಬದಿಯ ಗೋಡೆಗೆ ಒರಗಿ ಮೆಹಬೂಬ್ ಪಾಷಾ ನಿಂತಿದ್ದರು. ವೇದಿಕೆಯ ಮೇಲಿದ್ದ ಕಾರ್ಯದರ್ಶಿಗಳು ನನ್ನತ್ತ ನೋಡಿದರು. ನಾನು ಹೂಕುಂಡದತ್ತ ನೋಡಿದೆ.

ಮೊದಲು ಮೈಕಿನ ಮುಂದೆ ಬಂದವನು ಉಜೈರ್. ನಾನು ತಿದ್ದಿಕೊಟ್ಟ ಹಾಳೆ ಅವನ ಕೈಯಲ್ಲಿ ಇರಲಿಲ್ಲ.

“ಜುಲೈ ಒಂಬತ್ತು, ಬುಧವಾರ. ಸ್ಕೂಲ್ ಮೆಟ್ಲಿಂದ ಬಿದ್ದು ನನ್ನ ಹಲ್ಲು ಕಿತ್ಕೊಂಡ್ ಬಂತು. ಆ ಹಲ್ಲನ್ನ ಹಾಲಲ್ಲಿ ಹಾಕ್ಕೊಂಡು ನನ್ ಜೊತೆ ಆಸ್ಪತ್ರೆಗೆ ಬಂದೋಳು ನೂರೀನ್. ಹಲ್ಲು ವಾಪಸ್ ಕೂತಿದೆ. ಲೋಟ ಮಾತ್ರ ಕನ್ನಡ ಸಾರ್‌ದು.”

ಸಭೆ ನಕ್ಕಿತು. ಜುಲೈನಿಂದ ಇಂದಿನವರೆಗೆ ಅದೇ ಲೋಟದಲ್ಲಿ ಟೀ ಕುಡಿಯುತ್ತಿರುವ ನಾನು ನಗಲಿಲ್ಲ. ಆದರೆ ಅದು ಲೋಟದ ಕಾರಣಕ್ಕಲ್ಲ. ಜುಲೈ ಒಂಬತ್ತು ಎಂಬ ತಾರೀಖನ್ನು ನಾನು ಎಲ್ಲೋ ಬರೆದಿದ್ದೆ.

ಎರಡನೆಯವಳು ಅಮ್ರೀನ್. ಸೆಪ್ಟೆಂಬರ್ ಮೂರರಂದು ನೂರೀನ್‌ಗೂ ತನಗೂ ಜಗಳವಾಗಿ ಹನ್ನೊಂದು ದಿನ ಮಾತು ಬಿಟ್ಟಿದ್ದನ್ನು ಹೇಳಿದಳು. ಯಾವ ಕಾರಣಕ್ಕೆಂದು ಹೇಳಲಿಲ್ಲ. “ನನ್ನ ಜಡೆ ಹಿಡ್ದು ಎಳೆದ್ಳು. ಇನ್ನೂ ಕೋಪ ಇದೆ ನಂಗೆ. ಸ್ಕೂಲಿಗೇ ಬರದೇ ಇರೋಳು ಜಡೆ ಹೇಗ್ರೀ ಎಳೀತಾಳೆ?” ಎಂದು ಪೋಷಕರನ್ನೇ ಕೇಳಿ ಇಳಿದಳು.

ಆಮೇಲೆ ನನಗೆ ತಿಳಿದದ್ದಿಷ್ಟು. ನೋಟಿಸು ಬಂದ ಸಂಜೆಯೇ ನೂರೀನ್ ಅದರ ಫೋಟೊ ತೆಗೆದು ತರಗತಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದಳು. ಮಕ್ಕಳು ಮೂವತ್ತೊಂದು ತಾರೀಖುಗಳನ್ನು ಹಂಚಿಕೊಂಡು, ಹಳೆಯ ನೋಟ್ಸು, ಫೋಟೊ, ಮೆಸೇಜು ಎಲ್ಲ ಕೆದಕಿ ಆಯಾ ದಿನ ನಡೆದದ್ದನ್ನು ಹುಡುಕಿದ್ದರು. ತಾರೀಖು ಸಿಗದ ಆರು ಮಂದಿ ಬೇಜಾರು ಮಾಡಿಕೊಂಡಾಗ, ಅವರಿಗೆ ಮೈಕ್ ಸೆಟ್ಟಿನ ಕಾವಲು ಕೊಟ್ಟಿದ್ದರು. ಐದು ವರ್ಷದಲ್ಲಿ ನಾನು ಕೊಟ್ಟ ಯಾವ ಹೋಂವರ್ಕನ್ನೂ ಈ ತರಗತಿ ಇಷ್ಟು ಶ್ರದ್ಧೆಯಿಂದ ಮಾಡಿದ್ದಿಲ್ಲ.

ನವೆಂಬರ್ ಹದಿನಾಲ್ಕನ್ನು ತೆಗೆದುಕೊಂಡವನು ಚನ್ನಕೇಶವ. ಅವತ್ತು ಮಕ್ಕಳ ದಿನಾಚರಣೆಗೆ ಮೇಷ್ಟ್ರುಗಳೆಲ್ಲ ನಾಟಕ ಆಡಿದ್ದು, ರಾಜನ ಪಾತ್ರ ಮಾಡಿದ ನನ್ನ ಮೀಸೆ ದರ್ಬಾರಿನ ಮಧ್ಯೆ ಉದುರಿದ್ದು, ನೂರೀನ್ ಪರದೆ ಹಿಂದಿನಿಂದ ಅಂಟಿನ ಬಾಟಲಿ ಎಸೆದದ್ದು, ಎಲ್ಲವನ್ನೂ ವಿವರವಾಗಿ ವರ್ಣಿಸಿದ. ಮುರುಗೇಶನ ಭಾಷಣ ಎಲ್ಲಕ್ಕಿಂತ ಚಿಕ್ಕದು.

“ಆಗಸ್ಟ್ ಇಪ್ಪತ್ನಾಲ್ಕು. ಅವತ್ತು ನೂರೀನ್ ಬಂದಿರ್ಲಿಲ್ಲ, ನಿಜ. ನಾನೂ ಬಂದಿರ್ಲಿಲ್ಲ. ಸಾರೂ ಬಂದಿರ್ಲಿಲ್ಲ. ಅವತ್ತು ಭಾನುವಾರ.”

ಹದಿನೈದನೆಯವರ ಸರದಿ ಬರುವ ಹೊತ್ತಿಗೆ ಕಾರ್ಯದರ್ಶಿಗಳು, ಸಮಯವಾಯಿತು, ಇನ್ನು ಸಾಕು ಎಂದು ಕೈಸನ್ನೆ ಮಾಡಿದರು. ಮೈಕ್ ಆರಿಸಲು ಪಿಳ್ಳಣ್ಣ ಹೋದ. ಸ್ವಿಚ್ಚಿನ ಸುತ್ತ ಆ ಆರು ಮಂದಿ ಕೈಕೈ ಹಿಡಿದು ನಿಂತಿದ್ದರು. ಅವನು ಅವರನ್ನು ನೋಡಿದ, ಕಾರ್ಯದರ್ಶಿಗಳನ್ನು ನೋಡಿದ, ಆಮೇಲೆ “ಇಂಗೆಲ್ಲ ಅಡ್ಡ ನಿಂತ್ರೆ ನಾನೇನ್ ಮಾಡ್ಲಿ” ಎಂದು ಸಮಾಧಾನವಾಗಿ ಸ್ಟೂಲಿನ ಮೇಲೆ ಕೂತುಬಿಟ್ಟ.

ಮೂವತ್ತೊಂದೂ ಮುಗಿದವು. ಮುಖ್ಯ ಅತಿಥಿ ಮಹಾಲಿಂಗಪ್ಪನವರು ನಿವೃತ್ತ ಅಂಚೆ ಅಧಿಕಾರಿ, ಪಾಪ, ಏನೂ ಗೊತ್ತಿಲ್ಲದವರು. ಇಷ್ಟೊಂದು ಸ್ನೇಹ ಸಂಪಾದಿಸಿದ ಆ ಮಗು ಯಾರು, ಎದ್ದು ನಿಲ್ಲಲಿ ಎಂದರು. ನೂರೀನ್ ಎದ್ದಳು. ಎಲ್ಲರೂ ಸೀರೆ ಉಟ್ಟಿದ್ದಾರೆ, ನೀನ್ಯಾಕಮ್ಮ ಯೂನಿಫಾರ್ಮಿನಲ್ಲಿ ಬಂದೆ ಎಂದು ಅಕ್ಕರೆಯಿಂದ ಕೇಳಿದರು.

“ಬೀಳ್ಕೊಡುಗೆ ಅವರಿಗೆ ಸಾರ್. ನಂಗೆ ಹಾಲ್ ಟಿಕೆಟ್ ಕೊಡ್ತಿಲ್ಲ. ಅದು ಕೊಡೋವರೆಗೂ ನಾನ್ ಈ ಸ್ಕೂಲ್ ಬಿಟ್ ಹೋಗಲ್ಲ.”

ಕಾರ್ಯಕ್ರಮದ ಪಟ್ಟಿಯಲ್ಲಿ ಮುಂದಿನದು ವಂದನಾರ್ಪಣೆ. ಅದು ನನ್ನದು. ಮೈಕಿನವರೆಗಿನ ಹತ್ತು ಹೆಜ್ಜೆಗಳಲ್ಲಿ ನಾನು ಎರಡು ಸಲ ಜ್ವರ ಬರಿಸಿಕೊಳ್ಳಲು ಪ್ರಯತ್ನಿಸಿದೆ, ಬರಲಿಲ್ಲ. ಅತಿಥಿಗಳಿಗೆ ವಂದಿಸಿದೆ, ಶಾಮಿಯಾನದವರಿಗೆ ವಂದಿಸಿದೆ. ಆಮೇಲೆ, ನೂರೀನ್‌ಗೆ ಹೋದ ನೋಟಿಸಿನ ತಾರೀಖುಗಳನ್ನೆಲ್ಲ ಬರೆದವನು ನಾನು, ಟೀ ಕುಡಿಯುತ್ತ ಬರೆದೆ, ಅದರಲ್ಲಿ ಒಂದೂ ನಿಜವಲ್ಲ, ಸೋಮವಾರ ರಿಜಿಸ್ಟರಿನಲ್ಲಿರುವ ಲೆಕ್ಕವೇ ಹೋಗುತ್ತದೆ ಎಂದೆ. ಬರೆಯಲು ಹೇಳಿದವರು ಯಾರು ಎಂಬುದನ್ನು ಹೇಳುವಷ್ಟು ಧೈರ್ಯ ಆಗಲೂ ಬರಲಿಲ್ಲ. ಆದರೆ ಹಾಲಿನ ಅಷ್ಟೂ ಕಣ್ಣುಗಳು ಒಟ್ಟಿಗೆ ವೇದಿಕೆಯ ನಡುವಿನ ಕುರ್ಚಿಯತ್ತ ತಿರುಗಿದವು.

ಸೋಮವಾರ ಸರಿಯಾದ ಲೆಕ್ಕ ಹೋಯಿತು. ಮಂಗಳವಾರ ನನ್ನನ್ನು ಮೂರನೇ ತರಗತಿಗೆ ಹಾಕಿದರು. ಅಲ್ಲಿ ಈಗ ಕಾಗುಣಿತ ಹೇಳಿಕೊಡುತ್ತಿದ್ದೇನೆ.

ಹಾಲ್ ಟಿಕೆಟ್ ಬಂತು, ನೂರೀನ್ ಪರೀಕ್ಷೆ ಬರೆದಳು, ಫೇಲಾದಳು. ಗಣಿತದಲ್ಲಿ ಆಂತರಿಕ ಅಂಕವೂ ಸೇರಿ ನೂರಕ್ಕೆ ಇಪ್ಪತ್ತಾರು. ಶಾಲೆಯ ಎಪ್ಪತ್ತಾರು ಮಕ್ಕಳಲ್ಲಿ ಫೇಲಾದವಳು ಅವಳೊಬ್ಬಳೇ. ಕಾರ್ಯದರ್ಶಿಗಳು ನನ್ನನ್ನು ಕರೆಸಿ ಈಗ ಸಮಾಧಾನವಾಯಿತಾ ಎಂದು ಕೇಳುತ್ತಿದ್ದಾಗಲೇ ಅವಳು ಒಳಗೆ ಬಂದಳು. ಎರಡನೇ ಪರೀಕ್ಷೆಯ ಅರ್ಜಿ ಕೈಯಲ್ಲಿತ್ತು. ಹಿಂದೆ ಚನ್ನಕೇಶವ, ಅಮ್ರೀನ್, ಇನ್ನೂ ನಾಲ್ಕು ಜನ. ಅವರೆಲ್ಲ ಪಾಸಾದವರು, ಅವರಿಗೆ ಇಲ್ಲಿ ಏನೂ ಕೆಲಸವಿರಲಿಲ್ಲ.

“ಫೇಲಾಗಿ ಮತ್ತೆ ಬಂದ್ಯಲ್ಲಮ್ಮ, ನಾಚ್ಕೆ ಆಗಲ್ವಾ?” ಎಂದರು ಕಾರ್ಯದರ್ಶಿಗಳು.

“ಆಗುತ್ತೆ ಸಾರ್,” ಎಂದಳು ನೂರೀನ್. “ಆದ್ರೆ ನಾನ್ ಪರೀಕ್ಷೆ ಬರ‍್ದು ಫೇಲಾಗಿದೀನಿ. ಅದು ನಂದು. ಇಲ್ಲಿ ಸೈನ್ ಮಾಡಿ.”

ಅವರು ಅರ್ಜಿಯನ್ನು ತಮ್ಮತ್ತ ಎಳೆದುಕೊಂಡರು. ಆಮೇಲೆ ಸಹಿ ಹಾಕಿದರು. ಅವಳು ಅದನ್ನು ತಿರುಗಿಸಿ ನೋಡಿ, ಸೀಲು ಬಿದ್ದಿಲ್ಲ ಎಂದಳು. ಕಾರ್ಯದರ್ಶಿಗಳು ಡ್ರಾಯರ್ ಎಳೆದು ಹುಡುಕತೊಡಗಿದರು. ಚನ್ನಕೇಶವ ಗೋಡೆಯ ಬದಿಯಿಂದ ಒಂದು ಕುರ್ಚಿ ತಂದು ಹಾಕಿದ. ನೂರೀನ್ ಅದರಲ್ಲಿ ಕೂತಳು. ಸೀಲು ಸಿಗುವವರೆಗೂ ಏಳಲಿಲ್ಲ.