ಸೋದರತ್ತೆಗೊಂದು ಹಬ್ಬದ ಕಾರ್ಡು

ಹಗಲೆಲ್ಲ ಮಧುಗಿರಿಯ ಕಚೇರಿಯಲ್ಲಿ ಕೂತು ಕಾಗದಗಳಿಗೆ ಮೊಹರು ಒತ್ತುವುದು ನನ್ನ ನೌಕರಿ. ಸಂಜೆ ಬಸ್ಸಿಳಿದು ಕೊಡಿಗೇನಹಳ್ಳಿಯ ಮನೆಗೆ ಬಂದು, ಕೈಕಾಲು ತೊಳೆದು, ಮತ್ತೆ ಮೊಹರು ಒತ್ತಲು ಕೂರುವುದು ನನ್ನ ಹುಚ್ಚು. "ಅಲ್ಲಿ ಒತ್ತಿದ್ದು ಸಾಲ್ದು ಅಂತ ಇಲ್ಲೂ ಕುಂತ್ಕಂಡ್ಳು ನೋಡು" ಎಂದು ಅಮ್ಮ ಅಡುಗೆಮನೆಯಿಂದಲೇ ಅನ್ನುತ್ತಾಳೆ. ನನಗೆ ರೇಗುತ್ತದೆ. ಕಚೇರಿಯ ಮೊಹರಿಗೆ ಇರುವುದು ಒಂದೇ ಮುಖ, ದುಂಡಗೆ, ನೇರಳೆ ಬಣ್ಣದಲ್ಲಿ. ಮನೆಯಲ್ಲಿ ನಾನು ಹಬ್ಬದ ಕಾರ್ಡು ಮಾಡುವ ಮೊಹರುಗಳಿಗೆ ನೂರೆಂಟು ಮುಖ.

ಎರೇಸರನ್ನು ಬ್ಲೇಡಿನಿಂದ ಕೆತ್ತಿ ಮಾಡಿದ ಗಿಳಿ ಇದೆ, ಮಾವಿನೆಲೆ ಇದೆ, ಬೇರಿನ ಸಮೇತ ಕಿತ್ತ ಕಡಲೆಕಾಯಿ ಗಿಡ ಇದೆ. ಬೆಂಡೆಕಾಯಿಯನ್ನು ಅಡ್ಡ ಕೊಯ್ದು ಬಣ್ಣಕ್ಕೆ ಅದ್ದಿ ಒತ್ತಿದರೆ ಐದು ಎಸಳಿನ ಹೂವು ತಾನಾಗಿ ಬರುತ್ತದೆ, ಕೆತ್ತುವ ಕಷ್ಟವೂ ಇಲ್ಲ. ಒಂದು ಸಲ ಶಿರಾದಲ್ಲಿ, ಕಸೂತಿಗಾಗಿ ಬಟ್ಟೆಯ ಮೇಲೆ ಗುರುತು ಒತ್ತಿಕೊಡುತ್ತಿದ್ದ ಮುದುಕರೊಬ್ಬರು ಅಂಗಡಿ ಖಾಲಿ ಮಾಡುತ್ತಿದ್ದರು. ನಾನು ಮರದ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡು, "ಲೇಜಾ ಬೇಟಿ, ಇನ್ಯಾರು ಕೇಳ್ತಾರೆ ಇದನ್ನ" ಎಂದು ಎರಡು ಅಚ್ಚು ಕೈಗಿಟ್ಟರು. ಆವತ್ತು ಬಸ್ಸಿನಲ್ಲಿ ಕೂತಲ್ಲಿ ಕೂರಲಾಗದೆ ಅಚ್ಚಿಗೆ ಲಿಪ್‌ಸ್ಟಿಕ್ ಬಳಿದು ಅಂಗೈ ಮೇಲೆ ಒತ್ತಿ ನೋಡಿದ್ದೆ.

ಇನ್ನು ಚಿತ್ತಾರದ ಕಾಗದ. ಅಂಗಡಿಯಲ್ಲಿ ಕೊಳ್ಳುವುದು ನನ್ನ ಜಾಯಮಾನವಲ್ಲ. ಹಳೇ ಲಗ್ನಪತ್ರಿಕೆಗಳ ಹೊಳೆಯುವ ಒಳಹಾಳೆ, ಸೀರೆ ಡಬ್ಬಿಯ ಬುಟ್ಟಾ ಕಾಗದ, ಸ್ವೀಟ್ ಬಾಕ್ಸಿನ ಬಂಗಾರದ ಬಣ್ಣದ ಹಾಳೆ, ಎಲ್ಲವೂ ನನ್ನ ಟ್ರಂಕಿನಲ್ಲಿ ಜಮೆಯಾಗುತ್ತವೆ. ಯಾರಾದರೂ ಮದುವೆಗೆ ಕರೆಯಲು ಬಂದರೆ ಗಂಡು ಯಾರು, ಮುಹೂರ್ತ ಎಷ್ಟು ಹೊತ್ತಿಗೆ ಎಂದು ನಾನು ನೋಡುವುದೇ ಇಲ್ಲ. ಪತ್ರಿಕೆಯ ಕಾಗದವನ್ನು ಬೆರಳಲ್ಲಿ ತಿಕ್ಕಿ ನೋಡುತ್ತೇನೆ.

ಹೋದ ವರ್ಷ ಗೌರಿ ಹಬ್ಬಕ್ಕೆ ಹದಿನೈದು ದಿನ ಇರುವಾಗ ಅಪ್ಪ ಬಂದು ನನ್ನ ಚಾಪೆಯ ಅಂಚಿನಲ್ಲಿ ಕೂತ. ಸುಮ್ಮನೆ ಬಂದು ಕೂರುವವನಲ್ಲ. ಅಚ್ಚುಗಳನ್ನು ಒಂದೊಂದಾಗಿ ಎತ್ತಿ ನೋಡಿ ಇಟ್ಟ. ಆಮೇಲೆ, "ನಿಮ್ಮತ್ತೆಗೂ ಒಂದು ಮಾಡ್ಕೊಡ್ತೀಯೇನಮ್ಮ" ಎಂದ.

ಅತ್ತೆ ಎಂದರೆ ಅಪ್ಪನ ಒಬ್ಬಳೇ ಅಕ್ಕ. ಪಾವಗಡದ ಆಚೆಯ ಹಳ್ಳಿಗೆ ಮದುವೆಯಾಗಿ ಹೋದವಳು. ಹನ್ನೊಂದು ವರ್ಷದ ಹಿಂದೆ ನನ್ನ ತಂಗಿಯ ಮದುವೆಯ ದಿನ, ಬೀಗರ ಉಪಚಾರದ ಗಡಿಬಿಡಿಯಲ್ಲಿ ಅವಳನ್ನು ಊಟಕ್ಕೆ ಕರೆಯುವುದೇ ಎಲ್ಲರಿಗೂ ಮರೆತುಹೋಯಿತು. ಮೂರು ಪಂಕ್ತಿ ಎದ್ದರೂ ಯಾರೂ ಕರೆಯದಿದ್ದಾಗ ಅವಳು ಎದ್ದು ಬಸ್‌ಸ್ಟ್ಯಾಂಡಿಗೆ ನಡೆದಳು. ಯಾರೋ ಓಡಿಬಂದು ಹೇಳಿದಾಗ ಅಪ್ಪ, "ಹೋದ್ರೆ ಹೋಗ್ಲಿ ಬುಡು" ಎಂದುಬಿಟ್ಟ. ಊಟ ತಪ್ಪಿದ್ದನ್ನು ಅವಳು ಮರೆಯುತ್ತಿದ್ದಳೇನೋ, ಈ ಮಾತು ಅವಳ ಕಿವಿಗೆ ಬಿದ್ದದ್ದೇ ಕೆಟ್ಟಿತು. ಅಲ್ಲಿಂದಾಚೆ ಪ್ರತಿ ಗೌರಿ ಹಬ್ಬಕ್ಕೆ ಅಪ್ಪ ಕಳಿಸಿದ ಬಾಗಿನ ಒಯ್ದವರ ಕೈಯಲ್ಲೇ ವಾಪಸ್ಸು ಬರುತ್ತಿತ್ತು. ಫೋನ್ ಮಾಡಿದರೆ ನಮ್ಮ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಿದ್ದಳು. ತಾನೇ ಹೋಗಿ ಬಾಗಿಲಲ್ಲಿ ನಿಂತು ತಪ್ಪಾಯಿತು ಎನ್ನಲು ಅಪ್ಪನಿಗೆ ಬಾಯಿ ಬರದು. ಅದು ನಮ್ಮ ಮನೆಯವರೆಲ್ಲರ ರೋಗ, ನನಗೂ ಇದೆ. ಎಪ್ಪತ್ತು ದಾಟಿದ ಅವನಿಗೆ ಈಗ ಉಳಿದಿದ್ದ ಆಸೆ ಒಂದೇ, ಅಕ್ಕ ಮತ್ತೆ ಈ ಹೊಸ್ತಿಲು ತುಳಿಯಬೇಕು.

ನನಗೆ ರೆಕ್ಕೆ ಬಂದ ಹಾಗಾಯಿತು. ಒಂದು ವಾರ ಕಚೇರಿಯಲ್ಲಿ ಮೊಹರು ಒತ್ತುತ್ತಲೂ ಅತ್ತೆಯ ಕಾರ್ಡಿನದೇ ಯೋಚನೆ. ಅವಳಿಗೆ ಓದಲು ಬಾರದು, ಹಾಗಾಗಿ ಚಿತ್ರವೇ ಮಾತಾಡಬೇಕು. ಹೊಸದಾಗಿ ಮೊರದ ಅಚ್ಚು ಕೆತ್ತಿದೆ. ಮೊರದ ತುಂಬ ಬಳೆ ಒತ್ತಲು ಪೆನ್ನಿನ ಮುಚ್ಚಳದ ಬಾಯಿ ಸಾಕಾಯಿತು. ಹಿನ್ನೆಲೆಗೆ ಅರಿಶಿನ ಬಣ್ಣದ ಬುಟ್ಟಾ ಕಾಗದ, ಸುತ್ತ ಬೆಂಡೆಕಾಯಿ ಹೂವು, ಮೂಲೆಯಲ್ಲಿ ಶಿರಾದ ಅಚ್ಚಿನ ಬಳ್ಳಿ. ಬರೆದದ್ದನ್ನು ಅವಳ ಮಗ ಸೊಸೆ ಓದಿ ಹೇಳುತ್ತಾರೆ ಎಂದು ಒಳಗಿನ ಪುಟವನ್ನು ಖಾಲಿ ಬಿಟ್ಟು ಅಪ್ಪನ ಮುಂದಿಟ್ಟೆ. ಅವನು ಎರಡು ದಿನ ಪೆನ್ನು ಹಿಡಿದು ಓಡಾಡಿದ. ಮೂರನೇ ದಿನ ಬೆಳಗ್ಗೆ ನೋಡಿದರೆ ಬರೆದಿದ್ದ: 'ಅಕ್ಕಾ, ಅವತ್ತು ತಪ್ಪು ನನ್ನದೇ. ಮನೆಗೆ ಬಾ.' ಓದಿ ನನ್ನ ಕಣ್ಣು ತುಂಬಿತು. ಅವನ ಮುಂದೆ ತೋರಿಸಿಕೊಳ್ಳಲಿಲ್ಲ.

ಇಷ್ಟಕ್ಕೆ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಆದರೆ ನಾನು ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ್ದೆ. ಕವರಿನ ಅಂಚಿಗೆ ಕಪ್ಪು ಶಾಯಿಯನ್ನು ಸ್ಪಂಜಿನಿಂದ ತೆಳ್ಳಗೆ ಸವರಿ, ಒಂದು ಮೂಲೆಯನ್ನು ಚೂರು ಹರಿದರೆ ಹಳೇ ಕಾಲದ ಓಲೆಯ ಕಳೆ ಬರುತ್ತದಂತೆ. ಮಂಗಳವಾರ ಕಚೇರಿಯಲ್ಲಿ ಊಟದ ಬಿಡುವಿನಲ್ಲಿ ಹಾಗೇ ಮಾಡಿದೆ. ಬಹಳ ಚೆಂದ ಬಂತು. ಅಪ್ಪ ಅಮ್ಮನಿಗೆ ತೋರಿಸಲು ಪುರುಸೊತ್ತಿಲ್ಲದೆ ನೇರ ಅಂಚೆ ಕಚೇರಿಗೆ ಹೋಗಿ ಹಾಕಿ ಬಂದೆ.

ಆಮೇಲೆ ಕಾಯುವ ಕೆಲಸ. ಬುಧವಾರ ಪಾವಗಡಕ್ಕೆ ಹೋಗಿರುತ್ತದೆ, ಗುರುವಾರ ಹಳ್ಳಿಗೆ ಎಂದು ನಾನು ಅಂದಾಜು ಹೇಳಿದರೆ ಅಪ್ಪ ಏನೂ ಕೇಳಿಸದವನಂತೆ ಕೂತು, ಅರ್ಧ ಗಂಟೆ ಬಿಟ್ಟು, "ಗುರುವಾರ ಅಂದ್ಯಾ?" ಎಂದು ಕೇಳುತ್ತಿದ್ದ. ಫೋನ್ ಸದ್ದಾದರೆ ಇಬ್ಬರೂ ಒಟ್ಟಿಗೆ ಏಳುತ್ತಿದ್ದೆವು. ಶುಕ್ರವಾರವೂ ಸುದ್ದಿಯಿಲ್ಲ.

ಶನಿವಾರ ನನಗೆ ರಜೆ. ಮಧ್ಯಾಹ್ನ ಊಟ ಮಾಡಿ ಅಪ್ಪ ಪಡಸಾಲೆಯಲ್ಲಿ ಚಾಪೆ ಹಾಸಿ, ನೊಣದ ಕಾಟಕ್ಕೆ ತಲೆಯಿಂದ ಕಾಲಿನವರೆಗೆ ಬಿಳಿ ಪಂಚೆ ಹೊದ್ದು ಮಲಗಿದ್ದ. ನಾನು ಒಳಗೆ ಕಾಗದ ಕತ್ತರಿಸುತ್ತಿದ್ದೆ. ಬೀದಿಯ ಕಡೆಯಿಂದ ಒಂದು ಹೆಂಗಸಿನ ಗೋಳಾಟ ಕೇಳಿತು. ಹತ್ತಿರ ಬಂತು. ನಮ್ಮ ಬಾಗಿಲಿಗೇ ಬಂತು.

"ಅಯ್ಯೋ ನಾ ತಮ್ಮುಡಾ, ಒಂದ್ ಮಾತೂ ಆಡ್ದೆ ಹೊಂಟೋದ್ಯಲ್ಲೋ..."

ಅತ್ತೆ. ಐವತ್ತು ವರ್ಷದಿಂದ ಆ ಕಡೆ ಬಾಳಿದವಳಿಗೆ ದುಃಖವೂ ಸಿಟ್ಟೂ ತೆಲುಗಿನಲ್ಲೇ ಶುರುವಾಗುತ್ತವೆ. ಅವಳು ಚಪ್ಪಲಿಯನ್ನೂ ಬಿಡದೆ ಪಡಸಾಲೆಗೆ ನುಗ್ಗಿ, ಬಿಳಿ ಬಟ್ಟೆ ಹೊದ್ದು ಮಲಗಿದ್ದ ಅಪ್ಪನ ಮೇಲೆ ದೊಪ್ಪನೆ ಬಿದ್ದಳು. ಅಪ್ಪ ಬೆಚ್ಚಿಬಿದ್ದು ಎದ್ದು ಕೂತ. ಅತ್ತೆ ಕಿಟಾರನೆ ಕಿರುಚಿ ಗೋಡೆಗೆ ಆತುಕೊಂಡಳು. ಹನ್ನೊಂದು ವರ್ಷದ ಮೇಲೆ ಅಕ್ಕ ತಮ್ಮ ಮುಖ ನೋಡಿಕೊಂಡದ್ದು ಹೀಗೆ.

"ಏನಕ್ಕಾ?" ಎಂದ ಅಪ್ಪ, ಕಣ್ಣುಜ್ಜಿಕೊಂಡು.

"ಏನಕ್ಕಾ ಅಂತೀಯೇನ್ಲಾ? ಬದುಕಿದ್ದೀಯಾ ನೀನು?"

"ಬದುಕಿದ್ದೀನಿ ಅನ್ನಿಸ್ತೈತೆ."

ಅವಳಿಗೆ ಉಸಿರು ಬರಲು ಅಮ್ಮ ಎರಡು ಚೊಂಬು ನೀರು ಕೊಡಬೇಕಾಯಿತು. ಆಮೇಲೆ ಒಂದೊಂದೇ ಹೊರಬಂತು. ಬೆಳಗ್ಗೆ ಮಗ ಸೊಸೆ ಹೊಲಕ್ಕೆ ಹೋದಾಗ ಅಂಚೆಯವನು ಬಂದು, "ಕೊಡಿಗೇನಹಳ್ಳಿಯಿಂದ ಕಾಗ್ದ ಕಣಜ್ಜಿ" ಎಂದು ಕೈಗಿಟ್ಟು ಬೈಕ್ ಓಡಿಸಿಕೊಂಡು ಹೋಗಿದ್ದ. ನೋಡಿದರೆ ಕಪ್ಪು ಅಂಚು, ಹರಿದ ಮೂಲೆ. ಹಿಂದೆಲ್ಲ ಸಾವಿನ ಸುದ್ದಿಯ ಕಾಗದ ಬರುತ್ತಿದ್ದದ್ದೇ ಹಾಗಂತೆ. ಓದು ಬಾರದವರಿಗೂ ಬಾಗಿಲಲ್ಲೇ ಗೊತ್ತಾಗಲಿ ಎಂದು ಅಂಚಿಗೆ ಕಪ್ಪು ಬಳಿದು ಮೂಲೆ ಹರಿಯುತ್ತಿದ್ದರು, ಅಂಥದ್ದನ್ನು ಮನೆಯೊಳಗೆ ತರುತ್ತಲೂ ಇರಲಿಲ್ಲ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಸಾವಿನ ಸುದ್ದಿ ಫೋನಿನಲ್ಲಿ ಬರುತ್ತಿತ್ತು, ಇದೆಲ್ಲ ಯಾರು ಹೇಳಿಕೊಡಬೇಕು. ಅತ್ತೆ, ಹೋದದ್ದು ತಮ್ಮನೇ ಎಂದುಕೊಂಡು, ಅದನ್ನು ಒಡೆಯದೆಯೇ ಹರಿದು ಚರಂಡಿಗೆ ಹಾಕಿ, ತಣ್ಣೀರು ಸುರಿದುಕೊಂಡು, ಪಕ್ಕದ ಮನೆಗೆ ಕೀಲಿ ಕೊಟ್ಟು ಬಸ್ ಹತ್ತಿದ್ದಳು. ಹಿಂದೂಪುರದಲ್ಲಿ ಬಸ್ ಬದಲಿಸುವಾಗಲೂ ಅಳುತ್ತಿದ್ದಳಂತೆ.

"ಯಾರೇ ಆ ಕಾಗ್ದ ಮಾಡ್ದೋರು?" ಎಂದಳು.

ಅಮ್ಮ ನನ್ನ ಕಡೆ ಬೆರಳು ತೋರಿಸಲು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಅತ್ತೆ ನನಗೆ ಎರಡು ಭಾಷೆಯಲ್ಲೂ ಬೈದಳು. ನನ್ನ ಒಂದು ವಾರದ ಕೆಲಸ ಚರಂಡಿ ಪಾಲಾದ ಸಂಕಟ ಒಂದು ಕಡೆ, ಅತ್ತೆ ನಮ್ಮ ಪಡಸಾಲೆಯಲ್ಲಿ ಕೂತು ಬೈಯುತ್ತಿದ್ದಾಳೆಂಬ ಸಡಗರ ಇನ್ನೊಂದು ಕಡೆ. ನನಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೆ ಇನ್ನಷ್ಟು ಬೈಸಿಕೊಂಡೆ.

ಅಷ್ಟರಲ್ಲಿ ಅವಳ ಚೀಲದಲ್ಲಿದ್ದ ಫೋನು ಹೊಡೆದುಕೊಂಡಿತು. ಗಾಬರಿಯಾಗಿದ್ದ ಮಗನಿಗೆ ನಾನೇ ಎಲ್ಲ ಹೇಳಿದೆ. ಫೋನ್ ಇಡುವ ಹೊತ್ತಿಗೆ ಅತ್ತೆಯ ಸಿಟ್ಟು ಇಳಿದಿತ್ತು. ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಸತ್ತಿಲ್ಲ ಎಂದ ಮೇಲೆ ಜಗಳ ಹಾಗೇ ಇದೆಯಲ್ಲ ಎನ್ನುವುದು ಆಗ ಅವಳ ನೆನಪಿಗೆ ಬಂದಿರಬೇಕು. ನಮಗೂ ಬಂತು.

"ಅಲ್ಲಾ, ಆ ಕಾಗ್ದದಾಗೆ ಏನಿತ್ತು?" ಎಂದು ನಿಂತೇ ಕೇಳಿದಳು.

ನಾನು ಬಾಯಿ ತೆರೆದೆ. ಅಪ್ಪ ಕೈಯೆತ್ತಿ ತಡೆದ. ಬರೆಯುವುದಕ್ಕೇ ಎರಡು ದಿನ ಹಿಡಿದವನು ಈಗ ಬಾಯಲ್ಲಿ ಹೇಳಬೇಕಿತ್ತು. ಅವನು ಚಾಪೆಯ ಕಡೆ ನೋಡಿದ, ಬಾಗಿಲ ಕಡೆ ನೋಡಿದ, ಕೊನೆಗೆ ಅವಳನ್ನೇ ನೋಡಿದ.

"ಅವತ್ತು ತಪ್ಪು ನಂದೇ ಅಂತ ಬರ್ದಿದ್ದೆ ಕಣಕ್ಕ. ಮನೆಗೆ ಬಾ ಅಂತ."

ಅತ್ತೆ ಕೂತು, ಚೀಲಕ್ಕೆ ಕೈಹಾಕಿ ಒಂದು ಹೊಸ ಬಿಳಿ ಪಂಚೆ ತೆಗೆದಳು. ಅಂಗಡಿಯ ಚೀಟಿ ಇನ್ನೂ ಅಂಟಿತ್ತು. ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ತಮ್ಮ ಸತ್ತ ಎಂದು ಹೊರಟ ಅಕ್ಕ ದಾರಿಯಲ್ಲಿ ಹೊಸ ಬಟ್ಟೆ ಕೊಂಡದ್ದು ಯಾತಕ್ಕೆ ಎಂದು ಹೇಳಬೇಕಿರಲಿಲ್ಲ. ಹೆಣದ ಮೇಲೆ ಹೊದಿಸುವುದಕ್ಕೆ. ಅಪ್ಪನಿಗೂ ಅರ್ಥವಾಯಿತು.

"ಒಂಚೂರು ಅರಿಶಿನ ತಗಂಬಾರಮ್ಮ" ಎಂದು ಅತ್ತೆ ಅಮ್ಮನಿಗೆ ಹೇಳಿದಳು. ಅಮ್ಮ ತಂದುಕೊಟ್ಟ ಅರಿಶಿನವನ್ನು ನೀರಲ್ಲಿ ಕಲಸಿ, ಉಡುವ ಹೊಸ ಬಟ್ಟೆಗೆ ಹಚ್ಚುವ ಹಾಗೆ, ಪಂಚೆಯ ನಾಲ್ಕೂ ತುದಿಗೆ ಹಚ್ಚಿದಳು. ಮಡಿಸಿ ಅಪ್ಪನ ಕಡೆ ಚಾಚಿ, "ತಗೋ, ಉಟ್ಕಂಡು ಬಾ. ನೋಡ್ಬೇಕು ನಾನು" ಎಂದಳು.

ಅಪ್ಪ ಕೋಣೆಗೆ ಹೋಗಿ ಅದನ್ನು ಉಟ್ಟು ಬಂದ. ಹೊಸ ಬಟ್ಟೆ, ಮಡಿಕೆಯ ಗೆರೆಗಳು ಹಾಗೇ ಇದ್ದವು, ಅಳತೆಯಲ್ಲಿ ಚೂರು ಗಿಡ್ಡ. ಬಂದವನು ಅಕ್ಕನ ಕಾಲಿಗೆ ಬಗ್ಗಿದ. ಅತ್ತೆ ಅವನ ತಲೆಯ ಮೇಲೆ ಕೈ ಇಟ್ಟಳು, ಅವನು ಏಳಲು ನೋಡಿದರೂ ಬಹಳ ಹೊತ್ತು ಆ ಕೈ ತೆಗೆಯಲಿಲ್ಲ.